ಯುರೋಪಿಗೆ ಹೊರಟಿರಾ? ಮೊದಲು ರಾತ್ರಿ ಎಣಿಸಿ

ಮಗಳು ಮ್ಯೂನಿಕ್‌ನಲ್ಲಿ, ಅಪ್ಪ ಅಮ್ಮ ಡೊಂಬಿವಲಿಯಲ್ಲಿ. ಮುಂಬೈ ಕನ್ನಡಿಗರಲ್ಲಿ ಇಂಥ ಮನೆಗಳು ಈಗ ಬೇಕಾದಷ್ಟಿವೆ. ಅಷ್ಟು ದೂರ ಹೋದವರು ಪ್ಯಾರಿಸ್, ಸ್ವಿಟ್ಜರ್ಲೆಂಡ್ ನೋಡದೆ ಬರುತ್ತಾರಾ? ಷೆಂಗನ್ ಒಕ್ಕೂಟದ 29 ದೇಶಗಳಿಗೆ ಒಂದೇ ವೀಸಾ ಸಾಕು. ಆದರೆ ಬ್ರಿಟನ್, ಐರ್ಲೆಂಡ್ ಇದರಲ್ಲಿಲ್ಲ.

ಅರ್ಜಿ ಯಾವ ದೇಶಕ್ಕೆ? ವಿಮಾನ ಇಳಿಯುವ ದೇಶಕ್ಕಲ್ಲ, ಹೆಚ್ಚು ದಿನ ತಂಗುವ ದೇಶಕ್ಕೆ. ಜರ್ಮನಿಯಲ್ಲಿ 4 ರಾತ್ರಿ, ಸ್ವಿಟ್ಜರ್ಲೆಂಡಿನಲ್ಲಿ 5 ಆದರೆ ಸ್ವಿಟ್ಜರ್ಲೆಂಡಿಗೇ ಹಾಕಬೇಕು. ಎರಡೂ ಕಡೆ ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಬೇಗ ಅಪಾಯಿಂಟ್‌ಮೆಂಟ್ ಸಿಗುತ್ತದೆ ಎಂದು ಏಜೆಂಟರು ಬೇರೆ ದೇಶ ತೋರಿಸಿದರೆ ದಯವಿಟ್ಟು ಒಪ್ಪಬೇಡಿ.

ಆಮೇಲೆ ದಿನದ ಲೆಕ್ಕ. ಜಾಸ್ತಿ ಜನ ಎಡವುವುದು ಇಲ್ಲೇ. ಯಾವುದೇ 180 ದಿನದಲ್ಲಿ 90 ದಿನ ಮಾತ್ರ ಇರಬಹುದು. ಒಳಹೋದ ದಿನ, ಹೊರಬಂದ ದಿನ ಎರಡೂ ಸೇರುತ್ತವೆ. ಮಗಳ ಬಾಣಂತನಕ್ಕೆಂದು ಅಮ್ಮ 90 ದಿನದ ವೀಸಾದಲ್ಲಿ ಏಪ್ರಿಲ್ 1ಕ್ಕೆ ಹೋದರು ಅನ್ನಿ. ಜೂನ್ 29ಕ್ಕೆ 90 ಮುಗಿಯಿತು, ಅಂದೇ ಹೊರಡಬೇಕು. ಕೈಯಲ್ಲಿರುವುದು ವರ್ಷಗಟ್ಟಲೆ ಚಾಲ್ತಿಯಿರುವ, ಹಲವು ಸಲ ಹೋಗಿಬರಬಹುದಾದ (ಬಹುಪ್ರವೇಶ) ಷೆಂಗನ್ ವೀಸಾ ಆಗಿದ್ದರೂ ಸೆಪ್ಟೆಂಬರ್ 28ಕ್ಕಿಂತ ಮೊದಲು ಮತ್ತೆ ಹೋಗುವಂತಿಲ್ಲ.

ನಡುವೆ ಲಂಡನ್‌ಗೆ ಹೋಗಿ ಬರುವ ಆಸೆ ಇದೆಯಾ? ಅದಕ್ಕೆ ಬ್ರಿಟನ್ ವೀಸಾ ಬೇರೆ ಬೇಕು. ಷೆಂಗನ್‌ನದು ಒಂದೇ ಪ್ರವೇಶದ ವೀಸಾ ಆಗಿದ್ದರೆ, ಹೊರಗೆ ಕಾಲಿಟ್ಟ ಕೂಡಲೇ ಅದು ಮುಗಿದಂತೆ. ಹಾಗಾಗಿ ಅರ್ಜಿಯಲ್ಲೇ ಬಹುಪ್ರವೇಶ ಕೇಳಿ, ಕಾರಣವನ್ನೂ ಬರೆಯಿರಿ.

ಕಾಗದಪತ್ರ: ಪಾಸ್‌ಪೋರ್ಟ್ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸಾದ ಮೇಲೂ 3 ತಿಂಗಳು ಚಾಲ್ತಿಯಲ್ಲಿರಬೇಕು, 2 ಪುಟ ಖಾಲಿ ಇರಬೇಕು. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರವಾಸ ವಿಮೆ ಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ ಇಟ್ಟುಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಇನ್ನೂ ಉಡುಪಿಯ ವಿಳಾಸವೇ ಇದ್ದರೆ ಮುಂಬೈ ಮನೆಯ ಲೈಟ್ ಬಿಲ್ಲೋ ಬಾಡಿಗೆ ಕರಾರೋ ಜೊತೆಗಿರಲಿ. ವೀಸಾ ಬರುವ ಮೊದಲು, ದುಡ್ಡು ವಾಪಸ್ ಸಿಗದ ಟಿಕೆಟ್ ಕೊಳ್ಳಬೇಡಿ.

2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಅರ್ಜಿ ತೆಗೆದುಕೊಳ್ಳುವ ವೀಸಾ ಸೆಂಟರಿನ ಸೇವಾ ಶುಲ್ಕ ಬೇರೆ. ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮೊದಲೇ ಹಾಕಬಹುದು, ಹೊರಡಲು 15 ದಿನಕ್ಕಿಂತ ಕಡಿಮೆ ಉಳಿಯುವಷ್ಟು ತಡ ಮಾಡುವಂತಿಲ್ಲ. ಬೇಸಿಗೆ ರಜೆಯಲ್ಲಿ ಸ್ಲಾಟ್ ಸಿಗುವುದೇ ಕಷ್ಟ, ಆದಷ್ಟು ಬೇಗ ಹಿಡಿಯಿರಿ.

ಪಾಸ್‌ಪೋರ್ಟ್ ಕೈಗೆ ಬಂದಾಗ ಅದರಲ್ಲಿ ಅಂಟಿಸಿದ ವೀಸಾ ಸ್ಟಿಕ್ಕರ್ ನಿಧಾನವಾಗಿ ಓದಿ. ವೀಸಾ ಒಂದು ತಿಂಗಳು ಚಾಲ್ತಿಯಲ್ಲಿದ್ದರೂ ತಂಗಲು 15 ದಿನವಷ್ಟೇ ಕೊಟ್ಟಿರಬಹುದು. ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಷ್ಟರೊಳಗೆ ಹೊರಬರಬೇಕು. ಹೆಸರು, ತಾರೀಖು, ಪ್ರವೇಶದ ಸಂಖ್ಯೆಯಲ್ಲಿ ತಪ್ಪು ಕಂಡರೆ ತಡಮಾಡದೆ ತಿಳಿಸಿ, ಹೊರಡುವ ಮೊದಲೇ ಸರಿಮಾಡಿಸಿಕೊಳ್ಳಿ.