ಸೋಮೆನ್ ಮಾಡಲು ಕಲಿಯುವುದೆಂದರೆ ತೊಳೆಯಲು ಕಲಿಯುವುದು

ಜುಲೈ, ಆಗಸ್ಟ್ ತಿಂಗಳಲ್ಲಿ ಒಸಾಕಾದ ಸೆಕೆಗೆ ಒಲೆಯ ಮುಂದೆ ನಿಲ್ಲಲು ಮನಸ್ಸೇ ಬರುವುದಿಲ್ಲ. ನಾವು ಅಲ್ಲಿದ್ದಾಗ ವಾರಕ್ಕೆ ಮೂರು ಮಧ್ಯಾಹ್ನವಾದರೂ ಸೋಮೆನ್ ಊಟವೇ. ನಮ್ಮ ಶ್ಯಾವಿಗೆಯ ಹಾಗೆ ಸಣ್ಣ ಎಳೆ, ಗೋಧಿ ಹಿಟ್ಟಿನದು. ಬೇಯಿಸಿ, ತಣ್ಣಗೆ ಮಾಡಿ, ಪುಟ್ಟ ಬಟ್ಟಲಿನ ತಣ್ಣನೆಯ ಸಾರಿನಲ್ಲಿ ಅದ್ದಿ ತಿನ್ನುವುದು. ಇಷ್ಟು ಸುಲಭದ ಅಡುಗೆ ಎಷ್ಟೋ ಮನೆಗಳಲ್ಲಿ ಕೆಡುವುದನ್ನು ನೋಡಿ ಸಂಕಟಪಟ್ಟಿದ್ದೇನೆ. ಎಲ್ಲರದ್ದೂ ಒಂದೇ ತಪ್ಪು. ಬೆಂದ ಎಳೆಯನ್ನು ನಲ್ಲಿ ಕೆಳಗೆ ಒಮ್ಮೆ ಹಿಡಿದು ತಟ್ಟೆಗೆ ಸುರಿಯುತ್ತಾರೆ. ಹತ್ತು ನಿಮಿಷದಲ್ಲಿ ಅದು ಮುದ್ದೆ.

ಮೊದಲು ಸಾರು. ಇದನ್ನು ಹಿಂದಿನ ರಾತ್ರಿಯೇ ಶುರು ಮಾಡಿ. ಇಬ್ಬರಿಗೆ 300 ಮಿ.ಲೀ. ನೀರಿನಲ್ಲಿ ಬೆರಳುದ್ದದ ಕೊಂಬು ಮತ್ತು ಎರಡು ಒಣ ಶಿಟಾಕೆ ಅಣಬೆ ಹಾಕಿ ಫ್ರಿಜ್ಜಿನಲ್ಲಿಡಿ. ಕೊಂಬು ಅಂದರೆ ಒಣಗಿಸಿದ ಕಡಲಕಳೆ. ಅದರ ಮೇಲಿನ ಬಿಳಿ ಪುಡಿ ಬೂಷ್ಟು ಅಲ್ಲ, ತೊಳೆಯಬೇಡಿ. ಟೋಕಿಯೊದ ವಿಜ್ಞಾನಿ ಕಿಕುನಾಎ ಇಕೆಡಾ 1908ರಲ್ಲಿ ಈ ಕೊಂಬುವಿನಿಂದಲೇ ಗ್ಲುಟಮೇಟ್ ಎಂಬ ರುಚಿಯ ಅಂಶವನ್ನು ಬೇರ್ಪಡಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಬೆಳಗ್ಗೆ ಸಣ್ಣ ಉರಿಯಲ್ಲಿಡಿ. ತಳದಲ್ಲಿ ಸಣ್ಣ ಗುಳ್ಳೆ ಎದ್ದ ಕೂಡಲೇ ಕೊಂಬು ತೆಗೆಯಿರಿ, ಕುದಿಸಿದರೆ ಲೋಳೆ ಬಿಡುತ್ತದೆ. ಇನ್ನೊಂದು ಪಾತ್ರೆಯಲ್ಲಿ 50 ಮಿ.ಲೀ. ಮಿರಿನ್, ಅಂದರೆ ಅಡುಗೆಗೆ ಹಾಕುವ ಸಿಹಿ ಅಕ್ಕಿ ಮದ್ಯ, ಒಂದು ನಿಮಿಷ ಕುದಿಸಿ, ಅದರ ಮದ್ಯದ ಅಂಶ ಹೋಗಲಿ. ಅದಕ್ಕೆ 50 ಮಿ.ಲೀ. ಜಪಾನಿ ಸೋಯಾ ಸಾಸ್, ಅಣಬೆ ಸಮೇತ 200 ಮಿ.ಲೀ. ಕೊಂಬು ನೀರು ಸೇರಿಸಿ ಒಂದು ಕುದಿ ಬರಿಸಿ ಫ್ರಿಜ್ಜಿಗೆ ಹಾಕಿ. ಮಿರಿನ್ ಸಿಗದಿದ್ದರೆ ಒಂದೂವರೆ ದೊಡ್ಡ ಚಮಚ ಸಕ್ಕರೆ ಸಾಕು. ಆದರೆ ಗೋಬಿ ಮಂಚೂರಿಗೆ ಹಾಕುವ ಕಪ್ಪು, ದಪ್ಪ ಸೋಯಾ ಸಾಸ್ ಖಂಡಿತ ಬೇಡ. ಸಾರು ಕಹಿಯಾಗುತ್ತದೆ.

ಮೀನು ತಿನ್ನುವವರು ಕೊಂಬು ತೆಗೆದ ನೀರನ್ನು ಕುದಿಸಿ, ಉರಿ ಆರಿಸಿ, ಒಂದು ಹಿಡಿ ಕತ್ಸುಒಬುಶಿ (ಒಣಗಿಸಿ ತೆಳ್ಳಗೆ ಹೆರೆದ ಮೀನು) ಹಾಕಿ ಎರಡು ನಿಮಿಷದಲ್ಲಿ ಸೋಸಿಕೊಳ್ಳಬಹುದು. ಬಾಟಲಿ ಸಾರೂ ಸಿಗುತ್ತದೆ. ಅದರಲ್ಲಿ ಹೆಚ್ಚಾಗಿ ಮೀನು ಇರುತ್ತದೆ, ಸಸ್ಯಾಹಾರಿಗಳು ಚೀಟಿ ಓದಿಯೇ ತನ್ನಿ. ಎರಡು ಪಟ್ಟು, ಮೂರು ಪಟ್ಟು ಗಟ್ಟಿ ಇರುವುದೂ ಉಂಟು. ನೀರು ಬೆರೆಸದೆ ಬಡಿಸಿದ ಮನೆಯೊಂದರಲ್ಲಿ ನಾವೆಲ್ಲ ಉಪ್ಪು ತಡೆಯಲಾಗದೆ ಅರ್ಧಕ್ಕೇ ಎದ್ದಿದ್ದೆವು.

ಸೋಮೆನ್ ಸಾಮಾನ್ಯವಾಗಿ 50 ಗ್ರಾಮಿನ ಕಟ್ಟುಗಳಲ್ಲಿ ಬರುತ್ತದೆ. ಒಬ್ಬರಿಗೆ ಎರಡು ಕಟ್ಟು. ‘ತೆನೊಬೆ’, ಅಂದರೆ ಕೈಯಲ್ಲಿ ಎಳೆದದ್ದೇ ಕೊಳ್ಳಿ, ಕಡಿಯುವಾಗ ಗೊತ್ತಾಗುತ್ತದೆ. ನಾರಾದ ಮಿವಾ, ಶೊದೊಶಿಮಾ ದ್ವೀಪ ಇದಕ್ಕೆ ಹೆಸರಾದ ಜಾಗಗಳು. ಕಟ್ಟಿನ ಕಾಗದದ ಪಟ್ಟಿಯನ್ನು ನೀರು ಕುದಿಯುವ ಮೊದಲೇ ಬಿಚ್ಚಿಡಿ. 200 ಗ್ರಾಮಿಗೆ ಎರಡು ಲೀಟರ್ ನೀರು ಬೇಕು. ಉಪ್ಪು ಬೇಡ, ಹಿಟ್ಟಿನಲ್ಲೇ ಇದೆ. ನೀರು ಕೊತಕೊತ ಕುದಿಯುವಾಗ ಬಿಡಿಬಿಡಿಯಾಗಿ ಉದುರಿಸಿ, ಒಮ್ಮೆ ಕಲಕಿ. ಉಕ್ಕಿದರೆ ಉರಿ ತಗ್ಗಿಸಿ. ಒಂದೂವರೆ ನಿಮಿಷಕ್ಕೆ ಬಸಿಯಿರಿ.

ಇನ್ನು ತೊಳೆಯುವುದು. ಎಳೆಯ ಮೈಮೇಲೆ ಹಿಟ್ಟಿನ ಗಂಜಿ ಇರುತ್ತದೆ, ಉಪ್ಪಿರುತ್ತದೆ. ಎಳೆಯುವಾಗ ಒಣಗದಿರಲಿ ಎಂದು ಸವರಿದ ಎಣ್ಣೆಯೂ ಇರುತ್ತದೆ. ಮೂರೂ ಹೋಗಬೇಕು. ಬಸಿದ ತಕ್ಷಣ ಜರಡಿಯನ್ನು ನಲ್ಲಿ ಕೆಳಗಿಟ್ಟು ಬಿಸಿ ಆರಿಸಿ. ಬಿಸಿ ಇರುವಾಗ ಕೈ ಹಾಕಬೇಡಿ, ತುಂಡಾಗುತ್ತದೆ. ಆಮೇಲೆ ದೊಡ್ಡ ಪಾತ್ರೆಗೆ ಹಾಕಿ, ನೀರು ತುಂಬಿ, ಎರಡೂ ಕೈಯಿಂದ ಬಟ್ಟೆ ಜಾಲಿಸುವ ಹಾಗೆ ಉಜ್ಜಿ. ಹೆದರಬೇಡಿ, ತಣಿದ ಎಳೆ ಗಟ್ಟಿ. ಮೊದಲ ನೀರು ಅಕ್ಕಚ್ಚಿನ ಹಾಗೆ ಬೆಳ್ಳಗಿರುತ್ತದೆ. ಚೆಲ್ಲಿ, ಮತ್ತೆ ತುಂಬಿ. ಮೂರು ನಾಲ್ಕು ಸಲ ಆದ ಮೇಲೆ ನೀರು ತಿಳಿಯಾಗುತ್ತದೆ. ನೀರು ನೋಡಿದರಷ್ಟೇ ಸಾಲದು, ಒಂದು ಎಳೆಯನ್ನು ಬೆರಳುಗಳ ನಡುವೆ ಜಾರಿಸಿ ನೋಡಿ. ಲೋಳೆ ಲೋಳೆ ಅನ್ನಿಸಿದರೆ ಇನ್ನೂ ಆಗಿಲ್ಲ. ನುಣ್ಣಗಿದ್ದೂ ಬೆರಳಿಗೆ ಸ್ವಲ್ಪ ತಡೆಯಬೇಕು. ಬೆಂಗಳೂರಿನ ಏಪ್ರಿಲ್‌ನಲ್ಲಿ ಟ್ಯಾಂಕಿನ ನೀರು ಬೆಚ್ಚಗೇ ಬರುತ್ತದೆ ಅಲ್ವಾ? ಹಾಗಾಗಿ ಎರಡು ಬಾಟಲಿ ನೀರು ಮೊದಲೇ ಫ್ರಿಜ್ಜಿನಲ್ಲಿರಲಿ.

ಕೊನೆಗೆ ಐಸ್ ಹಾಕಿದ ನೀರಿನಲ್ಲಿ ಅರ್ಧ ನಿಮಿಷ ಮುಳುಗಿಸಿ. ಎಳೆ ಬಿಗಿಯಾಗುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ನೀರು ಕುಡಿದು ಊದಿಕೊಳ್ಳುತ್ತದೆ. ತೆಗೆದು ಜರಡಿಯಲ್ಲಿ ಮೆಲ್ಲಗೆ ಒತ್ತಿ ಬಸಿಯಿರಿ. ಒಂದೊಂದು ತುತ್ತಿನಷ್ಟು ಎಳೆಗಳನ್ನು ಬೆರಳಿಗೆ ಸುತ್ತಿ ತಟ್ಟೆಯಲ್ಲಿ ಸಿಂಬಿ ಸಿಂಬಿಯಾಗಿಡಿ. ಐಸ್ ನೀರಿನಲ್ಲಿ ತೇಲಿಸಿ ಬಡಿಸುವವರೂ ಇದ್ದಾರೆ. ನೋಡಲು ಚಂದ, ಆದರೆ ತುತ್ತು ತುತ್ತಿಗೂ ಸಾರು ನೀರಾಗುತ್ತದೆ. ನಾನಂತೂ ಹಾಗೆ ಮಾಡುವುದಿಲ್ಲ.

ಜೊತೆಗೆ ತುರಿದ ಹಸಿ ಶುಂಠಿ, ಹೆಚ್ಚಿದ ಈರುಳ್ಳಿ ಸೊಪ್ಪು, ಹುರಿದ ಎಳ್ಳು. ಖಾರದ ವಸಾಬಿ, ಹುರುಳಿಯಲ್ಲದ ಬಕ್‌ವೀಟ್ ಹಿಟ್ಟಿನ ಎಳೆಯಾದ ಸೋಬಾಗೆ ಇರಲಿ, ಸೋಮೆನ್‌ಗೆ ಶುಂಠಿಯೇ ಸರಿ. ಸಾರಿನ ಅಣಬೆಯನ್ನೂ ಸಣ್ಣಗೆ ಸೀಳಿ ಇಡಿ, ಬಿಸಾಡಬೇಡಿ. ಸಿಂಬಿಯ ಅರ್ಧದಷ್ಟು ಸಾರಿನಲ್ಲಿ ಅದ್ದಿ, ಸೊರ್‍ರೆಂದು ಎಳೆದು ತಿನ್ನಿ. ಉಳಿದರೆ ಮತ್ತೆ ತಣ್ಣಗೆ ಬಡಿಸಬೇಡಿ, ರಾತ್ರಿ ತೆಳ್ಳಗಿನ ಬಿಸಿ ಸಾರಿಗೆ ಹಾಕಿ. ಜಪಾನಿನಲ್ಲಿ ಅದಕ್ಕೆ ನ್ಯೂಮೆನ್ ಎನ್ನುತ್ತಾರೆ.