ಬತ್ತಿದ ಬೋರಿನೊಳಗೆ ಇಣುಕುವುದು ಹೇಗೆ?

ಕುಷ್ಟಗಿ, ಯಲಬುರ್ಗಾ ಕಡೆಯ ಹೊಲಗಳಲ್ಲಿ ಬಾಯಿಗೆ ಚಪ್ಪಡಿ ಮುಚ್ಚಿದ ಬೋರು ಒಂದಾದರೂ ಕಾಣುತ್ತದೆ. ಅದರಿಂದ ನಾಲ್ಕು ಮಾರು ದೂರದಲ್ಲೇ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಸ ಪಾಯಿಂಟ್ ಹುಡುಕುತ್ತಿರುತ್ತಾರೆ. ನೂರಾರು ಅಡಿ ಕೊರೆಸಿದ್ದಾಗಿದೆ, ಒಳಗೆ ಏನಿದೆ ಅಂತ ಮೊದಲು ನೋಡಬಹುದಲ್ವಾ?

ಕೇಬಲ್ಲಿಗೆ ಕಟ್ಟಿದ ಉಪಕರಣವನ್ನು ಬೋರಿಗೆ ಇಳಿಸಿ, ಅಡಿ ಅಡಿಗೂ ಅಳತೆ ತೆಗೆಯುವುದೇ ಲಾಗಿಂಗ್. 1927ರಲ್ಲಿ ಫ್ರಾನ್ಸಿನ ಎಣ್ಣೆ ಬಾವಿಯೊಂದರಲ್ಲಿ ಶುರುವಾದ ಕೆಲಸ ಇದು. ಈಗ ಕೇಂದ್ರೀಯ ಅಂತರ್ಜಲ ಮಂಡಳಿಯವರು ತಮ್ಮ ಪರಿಶೋಧನಾ ಬೋರುಗಳಲ್ಲೂ ಮಾಡುತ್ತಾರೆ.

ಮೊದಲು ಮೋಟರ್, ಪೈಪು ಎತ್ತಿಸಿ. ಆಮೇಲೆ ಹಗ್ಗಕ್ಕೆ ಉಪಕರಣದಷ್ಟೇ ದಪ್ಪದ ಕಬ್ಬಿಣದ ತುಂಡು ಕಟ್ಟಿ ತಳದವರೆಗೆ ಬಿಟ್ಟು ನೋಡಿ. ನಡುವೆ ಕಲ್ಲು ಜರಿದಿದ್ದರೆ ಸಿಕ್ಕಿಕೊಳ್ಳುವುದು ಈ ತುಂಡು, ಲಕ್ಷಗಟ್ಟಲೆ ಬೆಲೆಯ ಉಪಕರಣ ಅಲ್ಲ. ಇದಾದ ಮೇಲೆ ಒಂದು ದಿನ ನೀರನ್ನು ಕದಡದೆ ಬಿಡಿ.

ನೀರಿನ ಉಷ್ಣತೆ ಮತ್ತು ಉಪ್ಪಿನಂಶದ ಅಳತೆಯನ್ನು ಮೊಟ್ಟಮೊದಲು, ಇಳಿಸುವಾಗಲೇ ತೆಗೆಯಬೇಕು. ಒಮ್ಮೆ ಕದಡಿತೆಂದರೆ ಆ ಲೆಕ್ಕ ಕೆಟ್ಟಿತು. ಉಳಿದವನ್ನು ತಳದಿಂದ ಮೇಲಕ್ಕೆ ಎಳೆಯುತ್ತಾ ತೆಗೆಯುತ್ತಾರೆ. ಬೋರಿನ ಅಗಲ ಅಳೆಯುವ ಕ್ಯಾಲಿಪರ್‌ನ ತೋಳುಗಳು ಗೋಡೆ ಸವರುತ್ತಾ ಬರುತ್ತವೆ, ಬಿರುಕು ಬಂದಲ್ಲಿ ಅಗಲವಾಗುತ್ತವೆ. ವಿದ್ಯುತ್ ರೋಧದ ಲಾಗ್‌ನಲ್ಲಿ 16 ಇಂಚು ಅಂತರದ ವಿದ್ಯುದ್ವಾರಗಳ ಜೋಡಿ ಗೋಡೆ ಹತ್ತಿರದ ಕಲ್ಲನ್ನೂ 64 ಇಂಚಿನ ಜೋಡಿ ಇನ್ನೂ ಆಚೆಯ ಕಲ್ಲನ್ನೂ ನೋಡುತ್ತದೆ. ಇದು ನೀರಿರುವ ಕಡೆ, ಕೇಸಿಂಗ್ ಪೈಪು ಇಲ್ಲದ ಕಡೆ ಮಾತ್ರ ನಡೆಯುತ್ತದೆ. ಪೂರ್ತಿ ಒಣಗಿದ ಬೋರಿಗೆ ಕ್ಯಾಲಿಪರ್ ಮತ್ತು ಗಾಮಾ (ಕಲ್ಲಿನಿಂದ ತಾನಾಗಿ ಹೊಮ್ಮುವ ಗಾಮಾ ಕಿರಣದ ಅಳತೆ) ಎರಡೇ ಗತಿ. ಗಾಮಾ ಕಬ್ಬಿಣದ ಕೇಸಿಂಗ್ ದಾಟಿಯೂ ಓದುತ್ತದೆ.

ಈಗ ಈ ಅಳತೆಗಳ ಗೆರೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಅಸಲಿ ಮಜಾ ಇಲ್ಲೇ. ನಮ್ಮ ಕಡೆ ಬಹುಪಾಲು ಗ್ರಾನೈಟ್, ಇಲ್ಲವೇ ನೈಸ್ ಎಂಬ ಪಟ್ಟೆ ಪಟ್ಟೆ ಬಂಡೆ. ಗಟ್ಟಿ ಬಂಡೆಯಲ್ಲಿ ರೋಧ ಸಾವಿರಗಟ್ಟಲೆ ಓಮ್-ಮೀಟರ್ ಇರುತ್ತದೆ. 180 ಅಡಿಯಲ್ಲಿ ಅದು ದಿಢೀರನೆ ಕೆಲವು ನೂರಕ್ಕೆ ಕುಸಿಯಿತು ಅಂದುಕೊಳ್ಳಿ. ಅಲ್ಲೇ ಕ್ಯಾಲಿಪರ್ ಉಬ್ಬಿದೆ, ಉಷ್ಣತೆಯ ಗೆರೆಯೂ ಸೊಟ್ಟಗಾಗಿದೆ. ಬೋರಿನವರು 'ಗ್ಯಾಪ್' ಅನ್ನುತ್ತಾರಲ್ಲ, ಅದೇ ಇದು. ನೀರು ಆಡುತ್ತಿರುವ ಗ್ಯಾಪು. ರೋಧ ಮಾತ್ರ ಇಳಿದಿದ್ದರೆ ಸುಮ್ನೆ ಖುಷಿಪಡಬೇಡಿ, ಜೇಡಿಯೂ ಇರಬಹುದು. ಗಾಮಾ ಒಮ್ಮೆಲೇ ಇಳಿದರೆ ಡಾಲರೈಟ್ ಎಂಬ ಕರಿಕಲ್ಲಿನ ಗೋಡೆ ಅಡ್ಡ ಬಂದಿರಬಹುದು. ಗಾಮಾ ಕಿರಣ ಸೂಸುವ ಪೊಟ್ಯಾಸಿಯಂ ಗ್ರಾನೈಟಿನಲ್ಲಿ ಜಾಸ್ತಿ, ಕರಿಕಲ್ಲಿನಲ್ಲಿ ಕಡಿಮೆ.

ಎಷ್ಟು ಇಂಚು ನೀರು ಬರುತ್ತದೆ ಅಂತ ಲಾಗ್ ಹೇಳುವುದಿಲ್ಲ, ಅದಕ್ಕೆ ಪಂಪ್ ಹಚ್ಚಿಯೇ ನೋಡಬೇಕು. ಫ್ಲೋರೈಡ್ ಕೂಡ ಅದಕ್ಕೆ ತಿಳಿಯದು. ಕುಡಿಯುವುದಾದರೆ ನೀರನ್ನು ಲ್ಯಾಬಿಗೆ ಕೊಡಿ, ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು.

ಅಂದ ಹಾಗೆ, ಆಳವನ್ನು ನೆಲದಿಂದ ಎಣಿಸಿದ್ದೋ ಕೇಸಿಂಗಿನ ಬಾಯಿಂದಲೋ ಎಂಬುದನ್ನು ಹಾಳೆಯ ಮೇಲೆ ಬರೆಸಿಕೊಳ್ಳಿ. ಕೇಸಿಂಗ್ ಎರಡಡಿ ಮೇಲೆದ್ದಿದ್ದರೆ ನಿಮ್ಮ ಗ್ಯಾಪೂ ಎರಡಡಿ ಆಚೀಚೆ ಆಗುತ್ತದೆ.