ಬ್ಯಾಫಿನ್ ಬಂಡೆಗೆ ಕಲಬುರಗಿಯಲ್ಲಿ ಕೈ ಪಳಗಿಸಿದ್ದು

ಬಂಡೆಯ ಮೇಲಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರುತ್ತೇನೆ ಅಂದರೆ ಎಲ್ಲರೂ ಕೇಳುವುದು ಎತ್ತರದ ಬಗ್ಗೆ. ಹಿಮದ ನಾಡಿನಲ್ಲಿ ಹಾರುವಾಗ ನನಗೆ ಎತ್ತರಕ್ಕಿಂತ ಜಾಸ್ತಿ ಚಿಂತೆ ಬೆರಳುಗಳದ್ದು.

ಹೀಗೆ ಬಂಡೆಯಿಂದ ಹಾರುವ ಬೇಸ್ ಜಂಪಿಂಗ್‌ನಲ್ಲಿ ಬೆನ್ನಿಗಿರುವುದು ಒಂದೇ ಪ್ಯಾರಾಚೂಟ್. ವಿಮಾನದಿಂದ ಹಾರುವವರ ಹಾಗೆ ಇನ್ನೊಂದು ಇರುವುದಿಲ್ಲ. ಚೀಲದ ತಳದಲ್ಲಿ, ಸೊಂಟದ ಹಿಂದೆ, ಪೈಲಟ್ ಚೂಟ್ ಅನ್ನುವ ಪುಟ್ಟ ಪ್ಯಾರಾಚೂಟ್ ಮಡಚಿಟ್ಟಿರುತ್ತದೆ. ಅದರ ಹಿಡಿ ಕಣ್ಣಿಗೆ ಕಾಣದು. ಬಲಗೈ ಹಿಂದೆ ಹೋಗಿ, ತಡಕಿ, ಎಳೆದು, ಗಾಳಿಗೆ ಎಸೆಯಬೇಕು. ಅದು ದೊಡ್ಡದನ್ನು ಹೊರಗೆಳೆಯುತ್ತದೆ. ಹಾರಿದ ಮೊದಲ ಸೆಕೆಂಡಿನಲ್ಲಿ ಬೀಳುವುದು 5 ಮೀಟರ್ ಅಷ್ಟೇ. ಹನ್ನೆರಡು ಸೆಕೆಂಡಿನ ಹೊತ್ತಿಗೆ ವೇಗ ಗಂಟೆಗೆ 190 ಕಿ.ಮೀ. ಹತ್ತಿರ ಬಂದಿರುತ್ತದೆ. ಆಗ ಬೆರಳು ಒಂದು ಸೆಕೆಂಡ್ ತಡ ಮಾಡಿದರೆ 50 ಮೀಟರ್ ಹೋಯಿತು.

ನಾನು ಕೆಲಸದ ಮೇಲೆ ನಾರ್ವೆಯಲ್ಲಿದ್ದೇನೆ. ವಿಮಾನದಿಂದ ಸಾಕಷ್ಟು ಹಾರಿದ ಮೇಲೆ ಅಲ್ಲಿನ ಶೆರಾಗ್ ಬಂಡೆಯಲ್ಲಿ ಇದನ್ನು ಕಲಿತೆ. ಕನಿಷ್ಠ 200 ಸಲ ವಿಮಾನದಿಂದ ಹಾರಿರಬೇಕು ಅನ್ನುವುದು ಈ ವಿದ್ಯೆಯ ರೂಢಿ, ಅದನ್ನು ಯಾರೂ ಸಡಿಲಿಸಬಾರದು. ಆಮೇಲೆ ಕೆನಡಾದ ಬ್ಯಾಫಿನ್ ದ್ವೀಪಕ್ಕೆ ಹೋಗುವ ಅವಕಾಶ ಬಂತು. ಅಲ್ಲಿನ ಸ್ಯಾಮ್ ಫೋರ್ಡ್ ಫ್ಯೋರ್ಡ್‌ನಲ್ಲಿ, ಅಂದರೆ ಬಂಡೆಗಳ ನಡುವೆ ಒಳಗೆ ಚಾಚಿದ ಕಿರಿದಾದ ಕಡಲ ತೋಳಿನಲ್ಲಿ, ಸಾವಿರ ಮೀಟರ್‌ಗೂ ಎತ್ತರದ ಬಂಡೆಗಳು ಸಮುದ್ರದಿಂದ ನೆಟ್ಟಗೆ ಎದ್ದಿವೆ. ಮೇ ತಿಂಗಳಲ್ಲೂ ಸಮುದ್ರ ಹೆಪ್ಪುಗಟ್ಟಿರುತ್ತದೆ. ಇಳಿಯುವುದು ಅದರ ಮೇಲೇ.

ಹೊರಡುವ ಮುಂಚೆ ಯುಗಾದಿಗೆ ಊರಿಗೆ ಬಂದಿದ್ದೆ. ಕಲಬುರಗಿಯಲ್ಲಿ ಆಗಲೇ 40 ಡಿಗ್ರಿ. ಇಲ್ಲಿ ಚಳಿಯ ಅಭ್ಯಾಸ ಎಲ್ಲಿ ಮಾಡುವುದು? ಕಾಕಾನ ಗೆಳೆಯರೊಬ್ಬರದು ಐಸ್‌ಕ್ರೀಮ್ ಗೋದಾಮು. ಒಳಗೆ ಮೈನಸ್ 20. ಮಧ್ಯಾಹ್ನ ಲೋಡಿಂಗ್ ಮುಗಿದ ಮೇಲೆ ಬರಲು ಹೇಳಿದರು. ಅವರ ಉಪಕಾರ ನಾನು ಮರೆಯುವುದಿಲ್ಲ.

ಚೀಲ ಕಟ್ಟಿಕೊಂಡು ಡಬ್ಬಿಗಳ ಸಾಲಿನ ನಡುವೆ ನಿಂತೆ. ಬೆರಳ ತುದಿ ಮಂದವಾಗುವ ತನಕ ಸುಮ್ನೆ ನಿಲ್ಲುವುದು, ಆಮೇಲೆ ಕೈ ಹಿಂದೆ. ದಪ್ಪ ಗ್ಲೌಸ್‌ನಲ್ಲಿ ಹಿಡಿ ಯಾವುದು, ಚೀಲದ ಬಟ್ಟೆ ಯಾವುದು ತಿಳಿಯಲೇ ಇಲ್ಲ. ತೆಳು ಗ್ಲೌಸ್‌ನಲ್ಲಿ ತಿಳಿಯಿತು, ಆದರೆ ಸ್ವಲ್ಪ ಹೊತ್ತಿಗೇ ಬೆರಳು ಮಡಚದಾಯಿತು. ಕೊನೆಗೆ ಒಳಗೆ ತೆಳ್ಳನೆಯ ಉಣ್ಣೆ ಗ್ಲೌಸ್, ಮೇಲೆ ದಪ್ಪನೆಯದು. ಹಾರುವ ಗಳಿಗೆಯಲ್ಲಿ ಮಾತ್ರ ಮೇಲಿನದನ್ನು ಕಳಚಿ ಎದೆಯ ಹತ್ತಿರ ಜಾಕೆಟ್ಟಿನೊಳಗೆ ಸಿಕ್ಕಿಸುವುದು. ಹಿಡಿಯನ್ನೂ ಬದಲಿಸಿದೆ. ಮುಷ್ಟಿಗೆ ತುಂಬುವಷ್ಟು ದಪ್ಪನೆಯದು ಹಾಕಿದೆ, ಬೆರಳಿಗೆ ತಿಳಿಯದಿದ್ದರೂ ಅಂಗೈಗೆ ತಿಳಿಯುತ್ತದೆ ಅಲ್ವಾ?

ಬಾಗಿಲ ಹತ್ತಿರ ಶಾಲು ಹೊದ್ದು ಗಡಿಯಾರ ಹಿಡಿದು ನಿಂತ ಕಾಕಾ, "ಸಾಕು ಹೊರಗ ಬಾರಪಾ, ತುಟಿ ನೀಲಿ ಆಗ್ಯಾವ" ಅನ್ನುತ್ತಿದ್ದರು.

ಹೊರಗೆ ಬಂದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಕಲಬುರಗಿಯ ಒಣ ಬಿಸಿಲಲ್ಲೂ ಆ ತಣ್ಣನೆಯ ಚೀಲದ ಮೇಲೆ ಕ್ಷಣದಲ್ಲಿ ನೀರು ಕೂತಿತು. ಬಕಲ್, ಹಿಡಿ ಎಲ್ಲಾ ಒದ್ದೆ. ಬ್ಯಾಫಿನ್‌ನ ಟೆಂಟಿನಲ್ಲೂ ಇದೇ ಆಗುತ್ತದೆ. ಒಲೆಯ ಹಬೆ, ನಮ್ಮ ಉಸಿರು ಪ್ಯಾರಾಚೂಟ್ ಬಟ್ಟೆಯ ಮಡಿಕೆಗಳಲ್ಲಿ ಕೂತು, ಹೊರಗೆ ಒಯ್ದರೆ ಗಟ್ಟಿಯಾಗುತ್ತದೆ. ಮಡಿಕೆ ಅಂಟಿದರೆ ಪ್ಯಾರಾಚೂಟ್ ಸರಿಯಾಗಿ ಅರಳುವ ಭರವಸೆ ಇಲ್ಲ. ಹಾಗಾಗಿ ಊರಲ್ಲೇ, ನಮ್ಮ ಮನೆ ಮಾಳಿಗೆ ಮೇಲೆ, ನೆರಳಿನಲ್ಲಿ ಹರಡಿ ಒಣಗಿಸಿ ಮಡಚಿದೆ. ಬಿಸಿಲಿಗೆ ಹಾಕಲಿಲ್ಲ, ನೈಲಾನ್‌ಗೆ ಬಿಸಿಲು ಆಗದು. ಬ್ಯಾಫಿನ್‌ನಲ್ಲಿ ಅದನ್ನು ಒಮ್ಮೆಯೂ ಟೆಂಟಿನೊಳಗೆ ಬಿಡಲಿಲ್ಲ. ಚೀಲ ರಾತ್ರಿಯೆಲ್ಲ ಹೊರಗೇ.

ದ್ವೀಪದ ಕ್ಲೈಡ್ ರಿವರ್ ಊರಿನ ಇನ್ಯುಟ್ ಮೂಲನಿವಾಸಿ ಮಾರ್ಗದರ್ಶಕರು ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಯ ಹಿಂದೆ ಕಮುಟಿಕ್ ಅನ್ನುವ ಮರದ ಜಾರುಬಂಡಿ ಕಟ್ಟಿ ನಮ್ಮನ್ನು ಕರೆದೊಯ್ದರು. ಹಿಮಕರಡಿಗಳ ಜಾಗ, ಅವರ ಹತ್ತಿರ ಬಂದೂಕು ಸದಾ ಇತ್ತು.

ಬಂಡೆಯಂಚಿನಲ್ಲಿ ಮೇಲಿನ ಗ್ಲೌಸ್ ಕಳಚಿದೆ, ಹಿಡಿ ಮುಟ್ಟಿ ನೋಡಿದೆ, ಹಾರಿದೆ. ಬೀಳುವಾಗಿನ ಗಾಳಿಗೆ ಅಲ್ಲಿನ ಚಳಿ ಇನ್ನೂ ಜೋರಾಗಿ ಹೊಡೆಯುತ್ತದೆ. ಕೈ ಹಿಂದೆ ಹೋಯಿತು, ಅಂಗೈಗೆ ಹಿಡಿ ಸಿಕ್ಕಿತು, ಪ್ಯಾರಾಚೂಟ್ ತೆರೆಯಿತು.

ಇಳಿಯುವುದು ಬೇರೆಯೇ ಕಷ್ಟ. ಕೆಳಗೆಲ್ಲ ಬರೀ ಬಿಳಿ, ನೆಲ ಎಷ್ಟು ದೂರ ಎಂದು ಕಣ್ಣಿಗೆ ಅಂದಾಜಾಗದು. ಅದಕ್ಕೇ ಕೆಳಗಿದ್ದವರು ಮಂಜಿನ ಮೇಲೆ ಕಪ್ಪು ಚೀಲಗಳನ್ನು ಸಾಲಾಗಿ ಇಟ್ಟಿದ್ದರು. ಅವುಗಳ ಅಳತೆ ನೋಡಿಕೊಂಡೇ ಪ್ಯಾರಾಚೂಟಿನ ವೇಗ ತಗ್ಗಿಸುವ ಬ್ರೇಕ್ ದಾರ ಎಳೆದೆ. ಕಾಲೂರಿದ ಮೇಲೆ ಮೊದಲ ಕೆಲಸ ದಪ್ಪ ಗ್ಲೌಸ್ ಹಾಕಿಕೊಳ್ಳುವುದು. ಪ್ಯಾರಾಚೂಟ್ ಎತ್ತುವುದು ಆಮೇಲೆ.